ಹಳೆಯ ಲಾರಿಗಳೂ ಅವುಗಳ ಸಾರಥಿಗಳೂ

ನಮ್ಮ ಬಾಲ್ಯದಲ್ಲಿ, ಎಂದರೆ 1970ನೆಯ ದಶಕದಲ್ಲಿ, ತಿಪಟೂರಿನ ಸಮೀಪದ ನಮ್ಮ ಗ್ರಾಮದ ಅರಳೀಕಟ್ಟೆಯ ಬಳಿ ವಾರಕ್ಕೊಮ್ಮೆ ಒಂದು ಲಾರಿಯು ಬಂದು ನಿಲ್ಲುತ್ತಿದ್ದಿತು. ಅದು ನೆರೆಮನೆಯವರದು. ಕೊಬ್ಬರಿಯ ಮೂಟೆಗಳನ್ನು ಹೇರಿಕೊಂಡು ಬೊಂಬಾಯಿಯವರೆಗೂ ಹೋಗಿಬರುತ್ತಿದ್ದ ಆ ವಾಹನದ ಮುಖದ ಮೇಲೆ ‘ಕಾಮೆಟ್’ ಎಂಬ ಇಂಗ್ಲಿಷ್ ಅಕ್ಷರಗಳಿದ್ದುವು. ಮುಂದೆ ಪಾಠಶಾಲೆಯಲ್ಲಿ ನಮ್ಮ ಗುರುಗಳು ‘ಧೂಮಕೇತು’ ಎಂಬ ಶಬ್ದವನ್ನು ಬಿಡಿಸಿ, ಹೊಗೆಯೇ ಬಾವುಟವಾಗಿ ಉಳ್ಳದ್ದು ಎಂದು ಅರ್ಥ ಹೇಳಿದಾಗ, ನಮಗೆ ಆಕಾಶದ ಬಾಲಚುಕ್ಕಿಗಿಂತ ಮೊದಲು ನೆನಪಿಗೆ ಬಂದದ್ದು ಕೆರೆಯ ಏರಿಯನ್ನು ಹತ್ತುತ್ತಿದ್ದ ಆ ಲಾರಿಯೇ. ಹೆಸರಿಟ್ಟವನು ಸಂಸ್ಕೃತವನ್ನು ಅರಿತಿರಲಾರನು. ಆದರೂ ಅಷ್ಟು ಅನ್ವರ್ಥವಾದ ಹೆಸರನ್ನು ಪಂಡಿತನೂ ಇಡಲಾರನು.

ಅದೇ ಲಾರಿಯ ಮೇಲೆ ‘ಅಶೋಕ್ ಲೇಲ್ಯಾಂಡ್’ ಎಂದೂ ಬರೆದಿದ್ದಿತು. ಅಶೋಕನು ಯಾರೆಂಬುದು ನಮಗೆ ತಿಳಿದಿದ್ದಿತು. ಲೇಲ್ಯಾಂಡನು ಯಾವನೋ ದೊರೆ ಎಂದು ಬಹುಕಾಲ ಭಾವಿಸಿದ್ದೆವು. ಅದು ದೊರೆಯ ಹೆಸರಲ್ಲ, ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತ್ಯದ ಒಂದು ಊರಿನ ಹೆಸರು; ಆ ಶಬ್ದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಬೀಳುಬಿಟ್ಟ ಭೂಮಿ ಎಂದು ಅರ್ಥವಂತೆ. 1948ರಲ್ಲಿ ಮದರಾಸಿನ ಬಳಿಯ ಎಣ್ಣೂರಿನಲ್ಲಿ ಆಸ್ಟಿನ್ ಕಾರುಗಳನ್ನು ಜೋಡಿಸುವುದಕ್ಕೆಂದು ಅಶೋಕ್ ಮೋಟಾರ್ಸ್ ಎಂಬ ಸಂಸ್ಥೆಯು ಸ್ಥಾಪಿತವಾಗಿ, 1950ರಲ್ಲಿ ಲೇಲ್ಯಾಂಡ್ ಕಂಪೆನಿಯವರೊಡನೆ ಒಪ್ಪಂದ ಮಾಡಿಕೊಂಡು, 1955ರಲ್ಲಿ ಈಗಿನ ಜೋಡಿಹೆಸರನ್ನು ಧರಿಸಿತು. ಹೀಗೆ ನಮ್ಮೂರಿನ ಧೂಮಕೇತುವಿಗೆ ತವರುಮನೆಯು ಲ್ಯಾಂಕಷೈರಿನಲ್ಲಿ.

ಕೆಲವು ವರ್ಷಗಳ ಹಿಂದೆ ಮಗನ ಸಂಸಾರದೊಡನೆ ಕೆಲವು ತಿಂಗಳು ಅದೇ ಪ್ರಾಂತ್ಯದಲ್ಲಿ ವಾಸಮಾಡುವ ಸಂದರ್ಭವು ನಮಗೆ ಒದಗಿತು. ಲೇಲ್ಯಾಂಡ್ ಊರಿನಲ್ಲಿ ಹಳೆಯ ಲಾರಿ ಬಸ್ಸುಗಳಿಗಾಗಿಯೇ 1983ರಲ್ಲಿ ತೆರೆದ ಒಂದು ವಸ್ತುಸಂಗ್ರಹಾಲಯವುಂಟು. ಅಲ್ಲಿಗೆ ಹೋಗಿದ್ದ ದಿವಸ ಎಂಬತ್ತು ದಾಟಿದ ಮೂರು ನಾಲ್ಕು ಮಂದಿ ವೃದ್ಧರು ಒಂದು ಎಂಟು ಚಕ್ರದ ಲಾರಿಯ ಸುತ್ತ ನಿಂತು, ಸೋದರಮಾವನ ಮನೆಯ ಮದುವೆಯಲ್ಲಿ ಹಳೆಯ ನೆಂಟರು ಸೇರಿದಂತೆ ಮಾತನಾಡುತ್ತಿದ್ದರು. ಎಲ್ಲರೂ ಹಿಂದೆ ಲಾರಿ ನಡೆಸಿದವರು. ಅವರ ಸಂಭಾಷಣೆಯನ್ನು ಕೇಳುತ್ತ ನಿಂತ ನಮಗೆ ಆ ದಿನವೆಲ್ಲವೂ ಅಲ್ಲಿಯೇ ಕಳೆದುಹೋಯಿತು.

ಆ ದೇಶದಲ್ಲಿ ಲಾರಿಯು ಮೊದಲು ಉಗಿಯಿಂದ ನಡೆಯುತ್ತಿದ್ದಿತು. 1896ರಲ್ಲಿ ಹುಟ್ಟಿ 1907ರಲ್ಲಿ ಲೇಲ್ಯಾಂಡ್ ಮೋಟಾರ್ಸ್ ಎಂದು ಹೆಸರು ಪಡೆದ ಕಂಪೆನಿಯ ಮೊದಲ ಹೆಸರೇ ‘ಲ್ಯಾಂಕಷೈರ್ ಉಗಿಮೋಟಾರ್ ಕಂಪೆನಿ’ ಎಂಬರ್ಥದ್ದು. ಚೆಷೈರಿನ ಸ್ಯಾಂಡ್‌ಬಾಕ್ ಎಂಬ ಊರಿನ ಫೋಡನ್ನರೂ, ಶ್ರೂಸ್‌ಬರಿಯ ಸೆಂಟಿನೆಲ್ ಕಂಪೆನಿಯವರೂ ಉಗಿಬಂಡಿಗಳಿಗೆ ಪ್ರಸಿದ್ಧರು. 1914ರ ಮಹಾಯುದ್ಧವು ಪೆಟ್ರೋಲ್ ಲಾರಿಯನ್ನು ಮುಂದಕ್ಕೆ ತಂದಿತು. ಯುದ್ಧವು ಮುಗಿದಮೇಲೆ ಸೈನ್ಯಕ್ಕೆ ಬೇಡವಾದ ಸಾವಿರಾರು ಲಾರಿಗಳು ವಿಕ್ರಯಕ್ಕೆ ಬಂದುವು. ಸೈನ್ಯದಲ್ಲಿ ಚಾಲನೆ ಕಲಿತು ಕೆಲಸವಿಲ್ಲದೆ ಹಿಂದಿರುಗಿದ ಯುವಕರು ಕೈಗೆ ಬಂದ ಅಲ್ಪಧನದಲ್ಲಿ ಒಂದೊಂದನ್ನು ಕೊಂಡು, ತಾವೇ ಮಾಲೀಕರೂ ತಾವೇ ಚಾಲಕರೂ ಆಗಿ ಬಾಡಿಗೆಗೆ ಸಾಮಾನು ಸಾಗಿಸತೊಡಗಿದರು. ಮುಂದೆ ದೊಡ್ಡದಾದ ಎಷ್ಟೋ ಸಾಗಣೆಯ ಮನೆತನಗಳಿಗೆ ಇದೇ ಮೂಲ. ಉಗಿಬಂಡಿಗಳಿಗೆ ಮೃತ್ಯುವು ಕಾಯಿದೆಯ ರೂಪದಲ್ಲಿ ಬಂದಿತು. 1933ರಲ್ಲಿ ಖಾಲಿಬಂಡಿಯ ತೂಕಕ್ಕೆ ತಕ್ಕಂತೆ ತೆರಿಗೆಯನ್ನು ಏರಿಸಿದಾಗ, ಬಾಯ್ಲರನ್ನೂ ಕಲ್ಲಿದ್ದಲನ್ನೂ ನೀರನ್ನೂ ಹೊತ್ತ ಬಂಡಿಗಳಿಗೆ ಉಳಿಗಾಲವಿಲ್ಲದಂತಾಯಿತು. ಅದೇ ವರ್ಷ ಫೋಡನ್ ಮನೆತನದ ಎಡ್ವಿನ್ ರಿಚರ್ಡ್ ಫೋಡನ್ ಎಂಬಾತನು ಭವಿಷ್ಯವಿರುವುದು ಡೀಸಲ್ಲಿಗೇ ಎಂದು ಹಟಹಿಡಿದು ಪ್ರತ್ಯೇಕವಾಗಿ ಹೋಗಿ, ತನ್ನ ಹೆಸರಿನ ಮೂರು ಅಕ್ಷರಗಳಿಂದಲೇ ಇ.ಆರ್.ಎಫ್. ಎಂಬ ಕಂಪೆನಿಯನ್ನು ಅದೇ ಊರಿನಲ್ಲಿ ಪ್ರಾರಂಭಿಸಿದನು. ದಾಯಾದಿಗಳ ವ್ಯಾಜ್ಯವು ಎಲ್ಲ ದೇಶಗಳಲ್ಲಿಯೂ ಉಂಟೆಂದು ನಮ್ಮ ವಾಚಕರು ಸಮಾಧಾನಪಟ್ಟುಕೊಳ್ಳಬಹುದು. ಇಲ್ಲಿ ಮಾತ್ರ ಅದರಿಂದ ಎರಡು ಒಳ್ಳೆಯ ಲಾರಿಗಳು ಹುಟ್ಟಿದುವು.

ಆ ಕಾಲದ ಲಾರಿಗಳ ಹೆಸರುಗಳನ್ನು ಕುರಿತು ಎರಡು ಮಾತು ಹೇಳದೆ ಮುಂದೆ ಹೋಗಲು ನಮಗೆ ಮನಸ್ಸಿಲ್ಲ. ಲೇಲ್ಯಾಂಡಿನವರು ಮೃಗಶಾಲೆಯನ್ನೇ ರಸ್ತೆಗೆ ಬಿಟ್ಟಿದ್ದರು: ಬೀವರ್, ಬೈಸನ್, ಬಫಲೋ, ಹಿಪ್ಪೋ. ಎಂಟು ಚಕ್ರದ ಲಾರಿಗೆ ಆಕ್ಟೋಪಸ್ ಎಂದು ಹೆಸರಿಟ್ಟಿದ್ದರು. ಆಕ್ಟೋಪಸ್ ಎಂದರೆ ಎಂಟು ಕಾಲುಳ್ಳದ್ದು. ನಮ್ಮ ಭಾಷೆಯಲ್ಲಿ ಅಷ್ಟಪದಿ. ಜಯದೇವ ಕವಿಯನ್ನು ಪಾಠಮಾಡಿದ ನಮಗೆ ಇಪ್ಪತ್ತುನಾಲ್ಕು ಟನ್ನಿನ ಅಷ್ಟಪದಿಯನ್ನು ಕಂಡಾಗ ನಗು ಬಾರದಿರಲಿಲ್ಲ. ಲಂಡನ್ನಿನ ಹೊರಭಾಗದ ಸೌತಾಲಿನಲ್ಲಿದ್ದ ಎ.ಇ.ಸಿ. ಕಂಪೆನಿಯವರು ‘ಮ’ಕಾರದ ಪ್ರಾಸವನ್ನು ಹಿಡಿದಿದ್ದರು: ಮ್ಯಾಮತ್, ಮ್ಯಾಟಡಾರ್, ಮರ್ಕ್ಯುರಿ, ಮೊನಾರ್ಕ್. ಗ್ಲಾಸ್ಗೋವಿನ ಆಲ್ಬಿಯನ್ನರು ತಮ್ಮ ಲಾರಿಯು ಸೂರ್ಯೋದಯದಷ್ಟು ನಿಶ್ಚಿತವೆಂದು ಜಾಹೀರಾತು ಮಾಡಿ, ಅದರ ಮೂತಿಯ ಮೇಲೆ ಉದಯಸೂರ್ಯನನ್ನೇ ಬಿಡಿಸಿದ್ದರು.

ಇಷ್ಟು ಘನವಾದ ಹೆಸರುಗಳ ಹಿಂದಿದ್ದ ಶಕ್ತಿಯಾದರೋ ಅತ್ಯಲ್ಪ. ಮ್ಯಾಂಚೆಸ್ಟರಿನ ಬಳಿ ಗಾರ್ಡ್ನರ್ ಕಂಪೆನಿಯವರು ತಯಾರಿಸುತ್ತಿದ್ದ ಆರು ಸಿಲಿಂಡರಿನ ಎಂಜಿನ್ನನ್ನು ಆ ವೃದ್ಧರು ಕುಲದೇವತೆಯಂತೆ ಸ್ಮರಿಸುತ್ತಾರೆ. ಅದು ಕೆಡುವುದಿಲ್ಲ, ಎಣ್ಣೆಯನ್ನು ಹೆಚ್ಚಾಗಿ ಕುಡಿಯುವುದಿಲ್ಲ. ಆದರೆ ಅದರ ಬಲ 112 ಅಶ್ವಶಕ್ತಿ ಮಾತ್ರ. ಇಂದು ನಮ್ಮ ಬೀದಿಗಳಲ್ಲಿ ಓಡಾಡುವ ಕಾರುಗಳೊಳಗೆ ಎಷ್ಟೋ ಅದಕ್ಕಿಂತ ಬಲವಾದವು. ಅಷ್ಟರಿಂದಲೇ ಇಪ್ಪತ್ತೆರಡು ಟನ್ನು, 1955ರಿಂದ ಈಚೆಗೆ ಇಪ್ಪತ್ತುನಾಲ್ಕು ಟನ್ನು ತೂಗುವ ಬಂಡಿಯನ್ನು ಎಳೆಯಬೇಕಾಗಿದ್ದಿತು. ಸಾಲದುದಕ್ಕೆ, ಮೂರು ಟನ್ನಿಗೆ ಮೀರಿದ ಸ್ವಂತ ತೂಕವುಳ್ಳ ಲಾರಿಯು ಗಂಟೆಗೆ 20 ಮೈಲಿಯನ್ನು ಮೀರಿ ಓಡಕೂಡದೆಂಬ ನಿರ್ಬಂಧವು 1957ರವರೆಗೂ ಇದ್ದಿತು.

ಇಲ್ಲಿ ಸ್ವಲ್ಪ ಲೆಕ್ಕವನ್ನು ಮಾಡಬೇಕು. ಲಂಡನ್ನಿನಿಂದ ಗ್ಲಾಸ್ಗೋವಿಗೆ ಸುಮಾರು 400 ಮೈಲಿ. ಗಂಟೆಗೆ 20 ಮೈಲಿಯಂತೆ 20 ಗಂಟೆ. 1930ರ ರಸ್ತೆಸಂಚಾರದ ಕಾಯಿದೆಯಂತೆ ಚಾಲಕನು ದಿನವೊಂದಕ್ಕೆ 11 ಗಂಟೆಗಿಂತ ಹೆಚ್ಚು ಹೊತ್ತು ನಡೆಸಕೂಡದು. ಒಂದೇಸಮನೆ ಐದೂವರೆ ಗಂಟೆಗಿಂತ ಹೆಚ್ಚು ಕೂಡದು. ಆದ್ದರಿಂದ ಧರ್ಮದಿಂದ ಹೋದರೆ ಎರಡು ದಿನದ ಪ್ರಯಾಣ. ಆದರೆ ಮಾಲೀಕನಿಗೆ ಮರುದಿನವೇ ಸಾಮಾನು ತಲಪಬೇಕು. ಚಾಲಕರು ಗಂಟೆಗಳನ್ನು ಬರೆದಿಡಬೇಕಾಗಿದ್ದ ಹಾಳೆಯೊಂದಿದ್ದಿತು. ಅದರಲ್ಲಿ ಬರೆದದ್ದೆಲ್ಲವೂ ಕಟ್ಟುಕಥೆಯೆಂದು ಆ ವೃದ್ಧರಲ್ಲೊಬ್ಬರು ನಗುತ್ತ ಹೇಳಿದಾಗ ಉಳಿದವರೂ ನಕ್ಕರು. ಒಬ್ಬರು ಮಾತ್ರ ನಗಲಿಲ್ಲ. ಅವರ ಜೊತೆಗಾರನೊಬ್ಬನು ರಾತ್ರಿ ಚಕ್ರದ ಹಿಂದೆಯೇ ನಿದ್ರೆಹೋಗಿ ಸೇತುವೆಯ ಗೋಡೆಗೆ ಬಡಿದು ಸತ್ತನಂತೆ. ಆತನ ಹಾಳೆಯಲ್ಲಿ ವಿಶ್ರಾಂತಿಯ ಹತ್ತು ಗಂಟೆಗಳೂ ಸರಿಯಾಗಿ ತುಂಬಿದ್ದುವಂತೆ. 1957ರಲ್ಲಿ ಬಂದ ‘ಹೆಲ್ ಡ್ರೈವರ್ಸ್’ ಎಂಬ ಚಲಚ್ಚಿತ್ರವು, ಎಷ್ಟು ಸುತ್ತು ಸಾಗಿಸಿದರೆ ಅಷ್ಟು ಕೂಲಿ ಎಂಬ ನಿಯಮದಿಂದ ಚಾಲಕರು ಹೇಗೆ ಒಬ್ಬರನ್ನೊಬ್ಬರು ಹಿಂದೆಹಾಕುತ್ತ ಪ್ರಾಣಾಪಾಯಕ್ಕೆ ಈಡಾಗುತ್ತಿದ್ದರೆಂಬುದನ್ನೇ ಕಥಾವಸ್ತುವಾಗಿ ಉಳ್ಳದ್ದು.

ಕೆಲವರು ನ್ಯಾಯವಾದ ಉಪಾಯವನ್ನೂ ಕಂಡುಕೊಂಡಿದ್ದರು. ದೂರದ ಎರಡು ಊರುಗಳಿಂದ ಸಂಜೆ ಎರಡು ಲಾರಿಗಳು ಎದುರುಬದುರಾಗಿ ಹೊರಡುತ್ತಿದ್ದುವು. ನಡುರಾತ್ರಿ ನಡುದಾರಿಯ ಒಂದು ಚಹದ ಅಂಗಡಿಯಲ್ಲಿ ಚಾಲಕರಿಬ್ಬರೂ ಭೇಟಿಯಾಗಿ, ಒಂದು ಲೋಟ ಚಹವನ್ನು ಕುಡಿದು, ಲಾರಿಗಳನ್ನು ಅದಲುಬದಲು ಮಾಡಿಕೊಂಡು ತಿರುಗುವರು. ಸಾಮಾನು ಮುಂದಕ್ಕೆ ಹೋಗುವುದು. ಮನುಷ್ಯನು ಬೆಳಗಾಗುವುದರೊಳಗೆ ತನ್ನ ಮನೆಗೆ ಬರುವನು. ವರ್ಷಗಟ್ಟಲೆ ಹೀಗೆ ಭೇಟಿಯಾದವರು ಒಬ್ಬರ ಊರನ್ನು ಒಬ್ಬರು ಹಗಲಿನಲ್ಲಿ ಕಂಡಿರಲೇ ಇಲ್ಲವಂತೆ. ಆದರೆ ಊರೂರು ಅಲೆಯುವ ಚಾಲಕರಿಗೆ ಈ ಭಾಗ್ಯವಿರಲಿಲ್ಲ. ಅವರು ಸೋಮವಾರ ಹೊರಟರೆ ಶನಿವಾರ ಮನೆ. ರಾತ್ರಿಗಳಲ್ಲಿ ಒಂದು ಕೋಣೆಗೆ ನಾಲ್ಕೈದು ಹಾಸಿಗೆಗಳಿದ್ದ ವಸತಿಗೃಹಗಳಲ್ಲಿ ಮಲಗಬೇಕು. ಹಿಂದಿನವನು ಎದ್ದುಹೋದ ಬಿಸಿಯು ಆರದ ಹಾಸಿಗೆಯೂ ದೊರೆಯುತ್ತಿದ್ದುದುಂಟು.

ಚಾಲಕನ ಗೂಡಿಗೆ ಮರದ ಚೌಕಟ್ಟು. ಅದರ ಮೇಲೆ ತಗಡು. ಬೆಚ್ಚಗಿಡುವ ಯಂತ್ರವಿಲ್ಲ. ಬಾಗಿಲಿನ ಸಂದಿನಿಂದ ನುಗ್ಗುವ ಗಾಳಿಗೆ ಗೋಣಿಚೀಲವನ್ನು ತುರುಕಿ, ಹಳೆಯ ಕೋಟನ್ನು ಮೊಳಕಾಲಿಗೆ ಸುತ್ತಿಕೊಂಡು ಕೂರುತ್ತಿದ್ದರು. ಪಕ್ಕದಲ್ಲಿಯೇ ಎಂಜಿನ್ನಿನ ಆರ್ಭಟ. ನಾವು ಕಂಡವರಲ್ಲಿ ಇಬ್ಬರಿಗೆ ಎಡಗಿವಿ ಮಂದವಾಗಿದ್ದಿತು. ಗೇರು ಬದಲಾಯಿಸಬೇಕಾದರೆ ಕ್ಲಚ್ಚನ್ನು ಎರಡು ಸಲ ತುಳಿದು, ನಡುವೆ ಎಂಜಿನ್ನಿನ ವೇಗವನ್ನು ಕಿವಿಯಿಂದಲೇ ಅಳೆದು, ಸರಿಯಾದ ಕ್ಷಣದಲ್ಲಿ ಹಲ್ಲುಚಕ್ರಗಳನ್ನು ಕೂಡಿಸಬೇಕು. ತಪ್ಪಿದರೆ ಬೀದಿಯೆಲ್ಲ ಕೇಳುವಂತೆ ಕಿರುಚುವುದು. ತಾಳವರಿಯದ ಹಾಡುಗಾರನಂತೆ ಅವಮಾನವಾಗುತ್ತಿದ್ದಿತೆಂದು ಅವರು ಹೇಳಿದುದನ್ನು ನಾವು ಚೆನ್ನಾಗಿ ಅರ್ಥಮಾಡಿಕೊಂಡೆವು. ಮಂಜಿನ ರಾತ್ರಿಗಳಲ್ಲಿ ಜೊತೆಗಾರನು ಕೆಳಗಿಳಿದು ಬಿಳಿಯ ಬಟ್ಟೆಯನ್ನು ಹಿಡಿದು ಮುಂದೆ ನಡೆಯುತ್ತಿದ್ದನು. ಯಾರ್ಕ್‌ಷೈರಿನ ಪರ್ಸಿ ಷಾ ಎಂಬಾತನು 1934ರಲ್ಲಿ ಹಕ್ಕುಪತ್ರ ಪಡೆದ ‘ಬೆಕ್ಕಿನ ಕಣ್ಣು’ ಎಂಬ ಗಾಜಿನ ಗೋಲಿಗಳನ್ನು ರಸ್ತೆಯ ನಡುವೆ ನೆಟ್ಟಮೇಲೆ ಬಹಳ ಅನುಕೂಲವಾಯಿತು. ದೀಪದ ಬೆಳಕು ಬಿದ್ದರೆ ಅವು ಹೊಳೆಯುವುವು. ಚಕ್ರವು ಮೇಲೆ ಹಾಯ್ದಾಗ ರಬ್ಬರಿನ ಗೂಡಿನೊಳಕ್ಕೆ ಕುಗ್ಗಿ, ಅಲ್ಲಿ ನಿಂತ ಮಳೆಯ ನೀರಿನಲ್ಲಿ ತಮ್ಮನ್ನು ತಾವೇ ತೊಳೆದುಕೊಳ್ಳುವುವು.

ಹೇರನ್ನು ಕಟ್ಟುವುದೇ ಒಂದು ವಿದ್ಯೆ. ಟಾರ್ಪಾಲನ್ನು ಮಡಿಸಿ ಹೊದಿಸಿ, ಹಗ್ಗದಲ್ಲಿ ಒಂದು ಕುಣಿಕೆಯನ್ನು ಮಾಡಿ, ಕೆಳಗಿನ ಕೊಕ್ಕೆಗೆ ಸಿಕ್ಕಿಸಿ, ಮೈಭಾರವನ್ನೆಲ್ಲ ಬಿಟ್ಟು ಎಳೆದರೆ ಒಂದಾಳಿನ ಬಲವು ಮೂವರ ಬಲವಾಗುವುದು. ವೃದ್ಧರಲ್ಲೊಬ್ಬರು ಅಲ್ಲಿಯೇ ಬಿದ್ದಿದ್ದ ಹಗ್ಗದಿಂದ ಅದನ್ನು ಮಾಡಿ ತೋರಿಸಿದರು. ನಡುಗುತ್ತಿದ್ದ ಕೈ ಹಗ್ಗವನ್ನು ಹಿಡಿದೊಡನೆ ನಡುಗುವುದನ್ನು ಬಿಟ್ಟಿತು. ನಮ್ಮ ನೆರೆಮನೆಯ ಲಾರಿಯ ಕ್ಲೀನರು ಕೊಬ್ಬರಿಯ ಮೂಟೆಗಳ ಮೇಲೆ ಹಾಕುತ್ತಿದ್ದ ಗಂಟು ಅದೇ!

ಇನ್ನು ಷ್ಯಾಪ್ ಘಟ್ಟದ ವಿಚಾರ. ಇಂಗ್ಲೆಂಡಿನ ಉತ್ತರದಲ್ಲಿ ಕೆಂಡಲ್ ಮತ್ತು ಪೆನ್ರಿತ್ ಎಂಬ ಪಟ್ಟಣಗಳ ನಡುವೆ, ಸ್ಕಾಟ್ಲೆಂಡಿಗೆ ಹೋಗುವ ‘ಎ-6’ ಎಂಬ ಹೆದ್ದಾರಿಯು ಸುಮಾರು 1400 ಅಡಿ ಎತ್ತರದ ಬೋಳುಗುಡ್ಡವನ್ನು ದಾಟುತ್ತದೆ. ಆಗುಂಬೆಯನ್ನೂ ಚಾರ್ಮಾಡಿಯನ್ನೂ ಕಂಡ ನಮ್ಮವರಿಗೆ ಇದು ದೊಡ್ಡ ಎತ್ತರವಲ್ಲ. ಆದರೆ ಅಲ್ಲಿ ಮರವಿಲ್ಲ, ಮರೆಯಿಲ್ಲ. ಚಳಿಗಾಲದಲ್ಲಿ ಬೀಸುಗಾಳಿಗೆ ಹಿಮವು ರಸ್ತೆಯ ಮೇಲೆ ಗೋಡೆಯಾಗಿ ನಿಲ್ಲುತ್ತದೆ. ತುಂಬಿದ ಲಾರಿಯು ಕೆಳಗಿನ ಗೇರಿನಲ್ಲಿ ನಡೆಯುವ ಮನುಷ್ಯನ ವೇಗದಲ್ಲಿ ಏರುತ್ತಿದ್ದಿತು. ಹಿಂದೆ ಎಳೆಬಂಡಿಯಿದ್ದರೆ ಇನ್ನೊಬ್ಬ ಆಳು ಇರಲೇಬೇಕೆಂಬುದು ಕಾಯಿದೆ. ಆತನು ಮರದ ತುಂಡೊಂದನ್ನು ಕೈಯಲ್ಲಿ ಹಿಡಿದು, ಲಾರಿಯು ನಿಂತು ಹಿಂಜರಿದರೆ ಚಕ್ರದ ಹಿಂದಕ್ಕೆ ಒಡ್ಡುವುದಕ್ಕಾಗಿ ಸಿದ್ಧನಾಗಿರುತ್ತಿದ್ದನು. ಕೆಂಡಲ್ಲಿನ ಉತ್ತರಕ್ಕೆ ಈ ದಾರಿಯಲ್ಲಿ ಚಾಲಕರ ಪ್ರಸಿದ್ಧವಾದ ಚಹದ ಅಂಗಡಿಯೊಂದಿದ್ದಿತು. ಅದರ ಹೆಸರು ‘ಜಂಗಲ್’. ನಮ್ಮ ವೈದ್ಯಶಾಸ್ತ್ರಗಳಲ್ಲಿ ಜಾಂಗಲವೆಂದರೆ ನೀರಿಲ್ಲದ ಒಣನಾಡು. ಆ ಶಬ್ದವು ನಮ್ಮ ದೇಶದಿಂದ ಹಡಗು ಹತ್ತಿ, ಅರ್ಥವನ್ನು ಬದಲಿಸಿಕೊಂಡು, ಹಿಮ ಸುರಿಯುವ ಗುಡ್ಡದ ಬುಡದಲ್ಲಿ ಅಂಗಡಿಯಿಟ್ಟಿದ್ದಿತೆಂದರೆ ಶಬ್ದಗಳೂ ಲಾರಿಗಳಂತೆಯೇ ಎಲ್ಲಿಂದೆಲ್ಲಿಗೋ ಸಾಗುತ್ತವೆ!

ಹಗ್ಗ ಕಟ್ಟಿ ತೋರಿಸಿದ ವೃದ್ಧರು 1963ರ ಆರಂಭದ ಮಹಾಹಿಮದಲ್ಲಿ ಇದೇ ಗುಡ್ಡದಲ್ಲಿ ಮೂರು ರಾತ್ರಿ ಸಿಕ್ಕಿಬಿದ್ದವರು. ಆಕ್ಟೋಪಸ್ ಲಾರಿ, ಗ್ಲಾಸ್ಗೋವಿಗೆ ಹೋಗಬೇಕಾದ ಹೇರು. ಹಿಂದೆ ಮುಂದೆ ಹತ್ತಾರು ಲಾರಿಗಳು. ಒಬ್ಬರ ಎಂಜಿನ್ನನ್ನು ಸರದಿಯಂತೆ ಓಡಿಸಿ ಅದರ ಗೂಡಿನಲ್ಲಿ ಎಲ್ಲರೂ ಒತ್ತಿಕೊಂಡು ಕುಳಿತರು. ಎರಡನೆಯ ದಿನ ಕುರಿಸಾಕುವ ಮನೆಯವರು ಸೊಂಟದುದ್ದದ ಹಿಮದಲ್ಲಿ ನಡೆದುಬಂದು ಬಿಸಿಯಾದ ಸಾರನ್ನೂ ರೊಟ್ಟಿಯನ್ನೂ ಕೊಟ್ಟು, ತಮ್ಮ ಮನೆಯ ಒಲೆಯ ಮುಂದೆ ಮಲಗಿಸಿಕೊಂಡರು. ಹಣವನ್ನು ಕೊಡಹೋದರೆ ಮನೆಯಾಕೆಯು ಸಿಟ್ಟಾದಳಂತೆ. ಹಾಡಿದರು, ಇಸ್ಪೀಟು ಆಡಿದರು. ತಮ್ಮ ಜೀವಮಾನದಲ್ಲಿ ಅಂತಹ ಸಂತೋಷದ ದಿನಗಳಿಲ್ಲವೆಂದು ಅವರು ವರ್ಣಿಸಿದ ರೀತಿಯಿಂದ ನಮಗೂ ಅಲ್ಲಿರಬೇಕಾಗಿದ್ದಿತೆಂದು ತೋರಿತು.

ಅವರ ಪತ್ನಿಯೂ ಅಲ್ಲಿಯೇ ಬೆಂಚಿನ ಮೇಲೆ ಕುಳಿತಿದ್ದರು. ಆ ಕಥೆಯನ್ನು ಅರವತ್ತು ವರ್ಷ ಕೇಳಿದ್ದವರು. ನಮ್ಮ ಕಡೆಗೆ ತಿರುಗಿ ಮೆಲ್ಲಗೆ ಹೇಳಿದುದು ಇಷ್ಟು: “ಆಗ ನನಗೆ ಎಂಟು ತಿಂಗಳು. ಮನೆಯಲ್ಲಿ ಟೆಲಿಫೋನು ಇರಲಿಲ್ಲ. ಆ ಬೀದಿಗೆ ಬರುವ ಲಾರಿಗಳಲ್ಲಿ ಇವರದು ಯಾವುದೆಂದು ಶಬ್ದದಿಂದಲೇ ನನಗೆ ಗೊತ್ತಾಗುತ್ತಿತ್ತು. ಮೂರು ರಾತ್ರಿ ಕಿಟಕಿಯ ಬಳಿ ಕುಳಿತಿದ್ದೆ. ನನಗೆ ಯಾರೂ ಸಾರು ತಂದುಕೊಡಲಿಲ್ಲ.” ವೃದ್ಧರು ನಕ್ಕರು, ಆಕೆಯೂ ನಕ್ಕರು. ಆದರೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಷ್ಯಾಪ್ ಗುಡ್ಡದ ನೆತ್ತಿಯಲ್ಲಿ ಈಗ ಒಂದು ಸ್ಮಾರಕವಿದೆ. ಮಗನು ನಮ್ಮನ್ನು ಅಲ್ಲಿಗೂ ಕರೆದೊಯ್ದಿದ್ದನು. ಆ ಕಠಿನ ಮಾರ್ಗದಲ್ಲಿ ವಾಹನಗಳನ್ನು ನಡೆಸಿ ಉತ್ತರ ದಕ್ಷಿಣಗಳನ್ನು ಬೆಸೆದ ಚಾಲಕರನ್ನೂ, ರಸ್ತೆಯನ್ನು ಕಟ್ಟಿ ಕಾಪಾಡಿದವರನ್ನೂ, ದಾರಿಗರಿಗೆ ಅನ್ನವನ್ನೂ ಆಶ್ರಯವನ್ನೂ ಕೊಟ್ಟ ಸ್ಥಳೀಯರನ್ನೂ ಅದರಲ್ಲಿ ಸ್ಮರಿಸಿದ್ದಾರೆ. ರಾಜರಿಗೂ ಸೇನಾಪತಿಗಳಿಗೂ ಮೀಸಲಾದ ಶಿಲೆಯನ್ನು ಲಾರಿಯವರಿಗೂ ಅತಿಥಿಗಳಿಗೆ ಅನ್ನವಿಟ್ಟ ಗೃಹಸ್ಥರಿಗೂ ನಿಲ್ಲಿಸಿದ್ದು ನಮಗೆ ಬಹಳ ಹಿಡಿಸಿತು. ಬೆಂಚಿನ ಮೇಲಿನ ಆ ತಾಯಿಯ ಮಾತನ್ನು ಕೇಳಿದ್ದುದರಿಂದ ಆ ಶಿಲೆಯಲ್ಲಿ ಒಂದು ಸಾಲು ಕಡಮೆಯೆಂದೂ ತೋರಿತು. 1970ರಲ್ಲಿ ‘ಎಂ-6’ ಎಂಬ ಮಹಾಮಾರ್ಗವು ಈ ಗುಡ್ಡದ ಪ್ರದೇಶವನ್ನು ಹಾದುಹೋದ ಮೇಲೆ ಹಳೆಯ ದಾರಿಯು ಬರಿದಾಯಿತು. ನಾವು ನಿಂತಿದ್ದ ಅರ್ಧಗಂಟೆಯಲ್ಲಿ ಬಂದುದು ಎರಡು ಕಾರು, ಮತ್ತೆ ಕುರಿಗಳು.

ಸರಕಾರ ಮತ್ತು ಸಾಗಣೆಗಾರರ ಜಗಳವನ್ನು ವಿಸ್ತರಿಸಿದರೆ ಈ ಲೇಖನವು ಮುಗಿಯದು. 1933ರಲ್ಲಿ ಲಾರಿಗಳಿಗೆ ಮೂರು ಬಗೆಯ ಪರವಾನಗಿಗಳು ಬಂದುವು; 1947ರ ಕಾಯಿದೆಯಿಂದ ದೂರದ ಸಾಗಣೆಯು ರಾಷ್ಟ್ರದ ಸ್ವಾಧೀನವಾಗಿ ‘ಬ್ರಿಟಿಷ್ ರೋಡ್ ಸರ್ವಿಸಸ್’ ಎಂಬ ಕೆಂಪು ಲಾರಿಗಳು ಎಲ್ಲೆಲ್ಲಿಯೂ ಕಂಡುವು; ಉಳಿದ ಬಾಡಿಗೆಯವರು ತಮ್ಮ ನೆಲೆಯಿಂದ 25 ಮೈಲಿಯಾಚೆಗೆ ವಿಶೇಷಾನುಮತಿಯಿಲ್ಲದೆ ಹೋಗುವಂತಿರಲಿಲ್ಲ; ಮುಂದೆ ಅಧಿಕಾರಕ್ಕೆ ಬಂದ ಬೇರೆ ಪಕ್ಷದವರು 1953ರ ಕಾಯಿದೆಯಿಂದ ಬಹುಭಾಗವನ್ನು ಮರಳಿ ಮಾರಿದರು. ಕೆಂಪು ಲಾರಿಯಲ್ಲಿ ಕೆಲಸಮಾಡಿದವರು ಸಂಬಳವೂ ರಜವೂ ಸರಿಯಾಗಿದ್ದುವೆನ್ನುತ್ತಾರೆ. ಲಾರಿಯನ್ನು ಕಳೆದುಕೊಂಡವರ ಮಕ್ಕಳು ಇಂದಿಗೂ ಹಲ್ಲು ಕಡಿಯುತ್ತಾರೆ. ನಮ್ಮ ಮುಂದೆಯೇ ಆ ವಾದವು ಎದ್ದು, ಯಾರೋ ಚಹವನ್ನು ತಂದುದರಿಂದ ತಣ್ಣಗಾಯಿತು.

ಆ ಕಂಪೆನಿಗಳಲ್ಲಿ ಈಗ ಹೆಚ್ಚಿನವು ಇಲ್ಲ. ಸೌತಾಲಿನ ಕಾರ್ಖಾನೆಯು 1979ರಲ್ಲಿ ಮುಚ್ಚಿತು. ಫೋಡನ್ ಹೆಸರು 2006ರಲ್ಲಿ ನಿಂತಿತು; ಇ.ಆರ್.ಎಫ್. ಅದರ ಹಿಂದೆಯೇ ಹೋಯಿತು. ಲೇಲ್ಯಾಂಡ್ 1968ರಲ್ಲಿ ಕಾರಿನ ಕಂಪೆನಿಗಳೊಡನೆ ಕೂಡಿ ಕಷ್ಟಕ್ಕೆ ಸಿಕ್ಕಿ, 1987ರಲ್ಲಿ ಡಚ್ಚರ ಡಾಫ್ ಕಂಪೆನಿಯೊಡನೆ ಸೇರಿ, 1993ರಲ್ಲಿ ದಿವಾಳಿಯಾಯಿತು. ಊರಿನಲ್ಲಿ ಲಾರಿಗಳು ಇಂದಿಗೂ ತಯಾರಾಗುತ್ತವೆ. ಆದರೆ ಅವುಗಳ ಮೇಲಿರುವ ಹೆಸರು ಡಾಫ್. ಹಳೆಯದನ್ನು ಉಳಿಸುವ ಕೆಲಸವನ್ನು ಹವ್ಯಾಸಿಗಳು ವಹಿಸಿಕೊಂಡಿದ್ದಾರೆ. 1958ರಲ್ಲಿ ಅವರ ಸಂಘವು ಹುಟ್ಟಿತು. 1962ರಲ್ಲಿ ಲಂಡನ್ನಿನಿಂದ ಸಮುದ್ರತೀರದ ಬ್ರೈಟನ್ನಿಗೆ ಹಳೆಯ ಲಾರಿಗಳ ಮೊದಲ ಯಾತ್ರೆಯು ನಡೆಯಿತು. ಹೊಲದ ಮೂಲೆಯಲ್ಲಿ ಕೋಳಿಗೂಡಾಗಿ ಬಿದ್ದಿದ್ದ ಬಂಡಿಯನ್ನು ಹುಡುಕಿ ತಂದು, ಹುಳು ತಿಂದ ಮರದ ಚೌಕಟ್ಟನ್ನು ಅಳತೆ ತೆಗೆದು ಹೊಸದಾಗಿ ಮಾಡಿ, ಹತ್ತು ಹದಿನೈದು ವರ್ಷ ದುಡಿದು ಬಣ್ಣ ಕೊಡುತ್ತಾರೆ. ಲಾಭವೇನೂ ಇಲ್ಲ.

ನಾವು ಹೊರಡುವಾಗ ಆ ವೃದ್ಧರು, ಲೇಲ್ಯಾಂಡ್ ಎಂಬ ಹೆಸರು ನಮ್ಮ ದೇಶದ ಹೊಸ ಲಾರಿಗಳ ಮೇಲೆ ಇನ್ನೂ ಇರುವುದು ನಿಜವೇ ಎಂದು ಕೇಳಿದರು. ನಿಜವೆಂದು ಹೇಳಿ, ನಮ್ಮೂರಿನ ಕಾಮೆಟ್ ಲಾರಿಯ ವಿಚಾರವನ್ನು ವಿವರಿಸಿದೆವು. ಅದರ ಚಿತ್ರವೇನಾದರೂ ಇದ್ದರೆ ಕಳುಹಿಸಬೇಕೆಂದು ವಿಳಾಸವನ್ನು ಬರೆದುಕೊಟ್ಟರು.

ಊರಿಗೆ ಬಂದಮೇಲೆ ನೆರೆಮನೆಗೆ ಹೋಗಿ ವಿಚಾರಿಸಿದೆವು. ಲಾರಿಯು ಗುಜರಿಗೆ ಹೋಗಿ ಮೂವತ್ತು ವರ್ಷಗಳಾಗಿದ್ದುವು. ಯಜಮಾನರು ಕಾಲವಾಗಿದ್ದರು. ಚಿತ್ರವೊಂದೂ ಇರಲಿಲ್ಲ. ಲಾರಿಯದು ಏನಾದರೂ ಉಳಿದಿದೆಯೇ ಎಂದು ಕೇಳಿದಾಗ, ಅವರ ಪತ್ನಿಯು ಹಿತ್ತಿಲ ಬಾಗಿಲನ್ನು ತೋರಿಸಿದರು. ಗಾಳಿಗೆ ಬಡಿಯದಂತೆ ಬಾಗಿಲಿಗೆ ಒಡ್ಡಿದ್ದುದು, ಕ್ಲೀನರು ಘಟ್ಟಗಳಲ್ಲಿ ಚಕ್ರದ ಹಿಂದಕ್ಕೆ ಇಡುತ್ತಿದ್ದ ಮರದ ತುಂಡು. ಅದರ ಚಿತ್ರವನ್ನೇ ತೆಗೆದು ಕಳುಹಿಸಿದೆವು. ತಿಂಗಳೊಳಗೆ ಉತ್ತರವು ಬಂದಿತು. ಬರೆದವರು ಅವರ ಪತ್ನಿ. ವೃದ್ಧರಿಗೆ ಕೈ ಬಹಳ ನಡುಗುತ್ತಿತ್ತಂತೆ. ಚಿತ್ರವನ್ನು ಕಂಡು ಸಂತೋಷಪಟ್ಟರೆಂದೂ, ಆ ಮರವು ಯಾವುದೆಂದು ತಿಳಿಯಬಯಸುತ್ತಾರೆಂದೂ, ತಮ್ಮದು ಓಕ್ ಆಗಿತ್ತೆಂದೂ ಅದರಲ್ಲಿದ್ದಿತು. ಕರಿಜಾಲಿ ಎಂದು ಬರೆದು ಹಾಕಿದೆವು.